ಜಲಪರ್ಣಿ ತೆಗೆಸುವ ಖರ್ಚು ಎಲ್ಲರಿಗೂ ಗೊತ್ತು, ಕೆರೆಗೆ ಬರದೇ ಹೋದ ಜನರ ಲೆಕ್ಕ ಎಲ್ಲಿದೆ?

ಕೆರೆದಂಡೆ_ಬೆಳಗಾವಿ
ಎಲ್ಲರಿಗೂ ನಮಸ್ಕಾರ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಕಡೆಯವರು ಇಲ್ಲಿ ಇದ್ದೀರಿ. ಅದಕ್ಕೇ ಈ ಪ್ರಶ್ನೆ ಇಲ್ಲಿ ಕೇಳುತ್ತಿದ್ದೇನೆ.

ನಮ್ಮ ಮನೆ ಹತ್ತಿರ ಒಂದು ಕೆರೆ ಇದೆ. ಯಾವ ಕೆರೆ ಅಂತ ಬರೆಯುವುದಿಲ್ಲ, ಯಾರನ್ನೂ ದೂರುವುದು ನನ್ನ ಉದ್ದೇಶ ಅಲ್ಲ. ಕೆಲವು ವರ್ಷಗಳ ಹಿಂದೆ ಅಲ್ಲಿ ಪೆಡಲ್ ಬೋಟ್ ಇದ್ದವು. ದಂಡೆಯಲ್ಲಿ ಗಿರ್ಮಿಟ್ ಗಾಡಿ, ಶೇಂಗಾ ಮಾರುವವರು, ಬೇಸಿಗೆಯಲ್ಲಿ ಕಬ್ಬಿನ ಹಾಲು. ಐತವಾರ ಸಂಜೆ ಕಾಲಿಡಲು ಜಾಗ ಇರುತ್ತಿರಲಿಲ್ಲ. ಈಗ ಅಲ್ಲಿ ನೀರೇ ಕಾಣುವುದಿಲ್ಲ. ಈ ದಂಡೆಯಿಂದ ಆ ದಂಡೆಯವರೆಗೆ ಜಲಪರ್ಣಿ (ನೀರಿನ ಮೇಲೆ ತೇಲುವ ಕಳೆ, ಇಂಗ್ಲಿಷಿನಲ್ಲಿ ವಾಟರ್ ಹಯಸಿಂತ್) ಹಬ್ಬಿದೆ. ಬೋಟ್ ಗುತ್ತಿಗೆ ಹಿಡಿದವರು ಬಿಟ್ಟು ಹೋದರು. ಗಾಡಿಯವರು ಒಬ್ಬೊಬ್ಬರಾಗಿ ಬೇರೆ ಕಡೆ ನೋಡಿಕೊಂಡರು. ಸೊಳ್ಳೆ ಕಾಟಕ್ಕೆ ವಾಕಿಂಗ್ ಬರುವವರೂ ಕಡಿಮೆಯಾದರು.

ಮೊನ್ನೆ ವಾರ್ಡಿನ ಸಭೆಯಲ್ಲಿ ಈ ವಿಷಯ ಬಂತು. ಮಾತೆಲ್ಲ ಒಂದೇ ಕಡೆ ತಿರುಗಿತು. ತೆಗೆಸಲು ಎಷ್ಟು ಲಕ್ಷ ಬೇಕು? ಒಂದು ಕಳೆಗೆ ಅಷ್ಟು ದುಡ್ಡು ಯಾಕೆ? ರಸ್ತೆ ಇದೆ, ಗಟಾರ ಇದೆ, ಅವು ಮೊದಲು ಆಗಲಿ. ತೆಗೆಸದೆ ಬಿಟ್ಟರೆ ಏನು ಹೋಗುತ್ತದೆ ಅಂತ ಯಾರೂ ಕೇಳಲಿಲ್ಲ. ಕೇಳಿದ್ದರೂ ಹೇಳಲು ನಮ್ಮಲ್ಲಿ ಯಾರ ಹತ್ತಿರವೂ ಒಂದು ಅಂಕಿ ಇರಲಿಲ್ಲ. ನನಗೆ ತುಂಬಾ ಬೇಸರವಾಗಿದ್ದು ಇದಕ್ಕೇ. ಖರ್ಚಿಗೆ ಎಸ್ಟಿಮೇಟ್ ಇದೆ, ನಷ್ಟಕ್ಕೆ ಇಲ್ಲ. ಹೀಗಿದ್ದರೆ ಪ್ರತಿ ಸಲವೂ ಕೆರೆ ಸೋಲುತ್ತದೆ.

ಇಂಥ ನಷ್ಟವನ್ನು ಲೆಕ್ಕ ಹಾಕಲು ದಾರಿ ಇದೆಯಾ? ತೆಗೆಸಿದರೆ ಮತ್ತೆ ಬರದ ಹಾಗೆ ಮಾಡಲು ಏನು ಬೇಕು? ಗೊತ್ತಿದ್ದವರು ದಯವಿಟ್ಟು ಬಿಡಿಸಿ ಬರೆಯಿರಿ.

ಹೊಳೆಸಾಲು_ಜಮಖಂಡಿ
ಅಕ್ಕಾರೆ, ನಿಮ್ಮದು ಕೆರೆ, ನಮ್ಮದು ಹೊಳೆ. ಕಷ್ಟ ಮಾತ್ರ ಒಂದೇ. ಮಹಾರಾಷ್ಟ್ರದ ಪಂಚಗಂಗೆಯಲ್ಲಿ ಜಲಪರ್ಣಿ ಬೆಳೆಯುತ್ತದೆ. ಆ ನದಿ ನರಸೋಬಾವಾಡಿಯಲ್ಲಿ ಕೃಷ್ಣೆಗೆ ಸೇರುತ್ತದೆ. ಅಲ್ಲಿಂದ ನೀರಿನ ಜೊತೆ ಕಳೆಯೂ ತೇಲಿ ಕೆಳಗೆ ಬರುತ್ತದೆ. ಚಿಕ್ಕೋಡಿ ಕಡೆಯಿಂದ ನಮ್ಮವರೆಗೆ ಹೊಳೆಗೆ ಅಡ್ಡ ಬ್ಯಾರೇಜ್‌ಗಳಿವೆ. ನೀರು ನಿಂತಲ್ಲಿ ಕಳೆಯೂ ನಿಲ್ಲುತ್ತದೆ, ಬೆಳೆಯುತ್ತದೆ. ಪಂಪ್‌ಸೆಟ್ಟಿನ ಫುಟ್‌ವಾಲ್ವ್‌ಗೆ ಸಿಕ್ಕಿ ನೀರು ಎಳೆಯುವುದಿಲ್ಲ. ಮಳೆಗಾಲದಲ್ಲಿ ಪೂರ ಬಂದಾಗ ಕೊಚ್ಚಿ ಹೋಗುತ್ತದೆ, ಬೇಸಿಗೆ ಹೊತ್ತಿಗೆ ಮತ್ತೆ ಹಾಜರ್.

ವಿಹಾರ, ಬೋಟಿಂಗ್ ಅಂದರೆ ಪೇಟೆಯವರ ವಿಷಯ ಅನ್ನುವವರು ನಮ್ಮಲ್ಲಿ ಇದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಸಂಕ್ರಾಂತಿಗೆ ನಾವು ಹೊಳೆಗೆ ಹೋಗುವುದು ಮತ್ತೇನು? ಮೈಗೆ ಎಳ್ಳು ಹಚ್ಚಿಕೊಂಡು ಸ್ನಾನ, ಆಮೇಲೆ ದಂಡೆಯಲ್ಲೇ ಬುತ್ತಿ ಬಿಚ್ಚಿ ಸಜ್ಜಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹೋಳಿಗೆ, ಮಾದಲಿ. ಕೂಡಲಸಂಗಮಕ್ಕೆ ಆ ದಿನ ಎಷ್ಟು ಜನ ಹೋಗುತ್ತಾರೆ ನೋಡಿ. ಟ್ರ್ಯಾಕ್ಟರ್, ಟಂಟಂ ತುಂಬಿ ಮನೆ ಮಂದಿಯೆಲ್ಲ ಹೋಗುತ್ತಾರೆ. ಘಾಟಿನ ಮೆಟ್ಟಿಲಿಗೆ ಕಳೆ ಬಂದು ಕೂತರೆ ಮುದುಕರು, ಮಕ್ಕಳು ನೀರಿಗೆ ಇಳಿಯುವುದಿಲ್ಲ. ಒಳಗೆ ಹಾವು ಇದೆಯೋ ಏನೋ ಅಂತ ಹೆದರಿಕೆ. ಹೆಣ್ಣುಮಕ್ಕಳು ಹೊರಗೆ ಹೋಗಿ ಒಂದು ದಿನ ಕಳೆಯುವುದೇ ಅಪರೂಪ ಇರುವ ಊರುಗಳಲ್ಲಿ ಆ ದಿನಕ್ಕೆ ಬೆಲೆ ಇಲ್ಲವೇ?

ಲೆಕ್ಕದ_ಮೇಷ್ಟ್ರು (ಬಾಗಲಕೋಟೆ)
ಲೆಕ್ಕ ಹಾಕುವ ದಾರಿ ಇದೆ ತಾಯಿ, ಅದೂ ಹಳೆಯದು. 1947ರಲ್ಲಿ ಹೆರಾಲ್ಡ್ ಹೋಟೆಲಿಂಗ್ ಎಂಬ ಅರ್ಥಶಾಸ್ತ್ರಜ್ಞ ಅಮೆರಿಕದ ರಾಷ್ಟ್ರೀಯ ಉದ್ಯಾನಗಳ ಇಲಾಖೆಗೆ ಒಂದು ಪತ್ರ ಬರೆದರು. ಅವರು ಹೇಳಿದ್ದು ಇಷ್ಟು: ಟಿಕೆಟ್ ಇಲ್ಲದ ಜಾಗಕ್ಕೂ ಬೆಲೆ ಇದೆ. ಅಲ್ಲಿಗೆ ಬರಲು ಜನ ಮಾಡುವ ಪ್ರಯಾಣದ ಖರ್ಚನ್ನು ನೋಡಿದರೆ ಆ ಬೆಲೆ ಗೊತ್ತಾಗುತ್ತದೆ. ದೂರದ ಊರಿನಿಂದ ಬಸ್ ಚಾರ್ಜ್ ಕೊಟ್ಟು, ಅರ್ಧ ದಿನದ ಕೂಲಿ ಬಿಟ್ಟು ಒಬ್ಬರು ಬಂದರೆ, ಆ ಜಾಗ ಅವರಿಗೆ ಕನಿಷ್ಠ ಅಷ್ಟು ಬಾಳುತ್ತದೆ ಅಂತಾಯಿತು. ಇದನ್ನು ಪ್ರಯಾಣ ವೆಚ್ಚ ವಿಧಾನ ಅನ್ನುತ್ತಾರೆ. ಈಗಲೂ ಬಳಸುತ್ತಾರೆ.

ಇನ್ನೊಂದು ದಾರಿ ನಿವೇಶನದ ಬೆಲೆ ನೋಡುವುದು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ವಿಲಾಸ್ ಕೌಂಟಿ ಸರೋವರಗಳ ನಾಡು. ಅಲ್ಲಿ ಮಿಲ್‌ಫಾಯಿಲ್ ಎಂಬ ಹೊರಗಿನ ಜಲಸಸ್ಯ ಹೊಕ್ಕ ಸರೋವರಗಳನ್ನೂ ಹೊಗದ ಸರೋವರಗಳನ್ನೂ ಹೋಲಿಸಿ 2009ರಲ್ಲಿ ಒಂದು ಅಧ್ಯಯನ ಬಂತು. ಸಸ್ಯ ಹೊಕ್ಕ ಮೇಲೆ ದಂಡೆಯ ಜಮೀನಿನ ಬೆಲೆ ಸರಾಸರಿ ಶೇ. 13ರಷ್ಟು ಇಳಿದಿತ್ತು. ಜಮೀನು ಅದೇ, ಮನೆ ಅದೇ. ನೀರಿಗೆ ಇಳಿಯುವ, ಬೋಟ್ ಬಿಡುವ, ಈಜುವ ಸುಖ ಹೋಗಿದ್ದಕ್ಕೆ ಅಷ್ಟು ಕಡಿತ. ಫ್ಲೋರಿಡಾದ ಆರೆಂಜ್ ಲೇಕ್ ಕಥೆಯೂ ಇಂಥದ್ದೇ. 1970ರ ದಶಕದಲ್ಲಿ ಹೈಡ್ರಿಲ್ಲಾ ಅಲ್ಲಿ ಸರೋವರದ ಬಹುಭಾಗ ಆವರಿಸಿತು. ಗಾಳ ಹಾಕಲು ಬರುವವರ ಸಂಖ್ಯೆಯೂ ಅವರು ಮಾಡುವ ಖರ್ಚೂ ತೀರಾ ಕೆಳಗೆ ಬಿತ್ತು. (ಹೈಡ್ರಿಲ್ಲಾ ನಮ್ಮ ಕೆರೆಗಳ ಹಳೆಯ ಗಿಡ. ಅಕ್ವೇರಿಯಂ ವ್ಯಾಪಾರದಿಂದ 1950ರ ದಶಕದಲ್ಲಿ ಅಲ್ಲಿಗೆ ಹೋಗಿ ಅವರಿಗೆ ಪೀಡೆಯಾಯಿತು. ಜಲಪರ್ಣಿ ದಕ್ಷಿಣ ಅಮೆರಿಕದ್ದು, ಚೆಂದದ ಹೂವು ಅಂತ 19ನೇ ಶತಮಾನದ ಕೊನೆಗೆ ಬಂಗಾಳಕ್ಕೆ ಬಂದು ನಮಗೆ ಪೀಡೆಯಾಯಿತು.)

ನಮ್ಮ ಕೆರೆಗೆ ಇದನ್ನು ಹೊಂದಿಸುವುದು ಹೇಗೆ? ಒಂದು ಲೆಕ್ಕ ಬರೀ ಉದಾಹರಣೆಗೆ ಹೇಳುತ್ತೇನೆ, ಇವು ನಿಜವಾದ ಅಂಕಿಗಳಲ್ಲ. ಕೆರೆ ಚೆನ್ನಾಗಿದ್ದಾಗ ಐತವಾರಕ್ಕೆ 200 ಜನ ಜಾಸ್ತಿ ಬರುತ್ತಿದ್ದರು ಅಂತ ಹಿಡಿಯಿರಿ. ಬೋಟು, ತಿನಿಸು, ಪಾರ್ಕಿಂಗ್ ಸೇರಿ ತಲಾ 60 ರೂಪಾಯಿ. ಮಳೆಗಾಲದ ವಾರಗಳನ್ನು ಬಿಟ್ಟು ವರ್ಷಕ್ಕೆ 40 ಐತವಾರ. 4,80,000 ರೂಪಾಯಿ ಆಯಿತು. ಉಳಿದ ಆರು ದಿನ, ಸೂಟಿ ದಿನ, ವಾಕಿಂಗ್‌ನವರು ಇದರಲ್ಲಿ ಇಲ್ಲ. ತೆಗೆಸುವ ಎಸ್ಟಿಮೇಟಿನ ಪಕ್ಕದಲ್ಲಿ ಈ ಸಾಲು ಬಂದರೆ ಸಭೆಯ ಮಾತೇ ಬೇರೆ ಆಗುತ್ತದೆ.

ಗುಮ್ಮಟದ_ನೆರೆಯವ (ವಿಜಯಪುರ)
ಮೇಷ್ಟ್ರೇ, ಒಂದು ತಕರಾರು ಇದೆ. ಕೆರೆಗೆ ಬರದ ಆ 200 ಜನ ಮನೆಯಲ್ಲೇ ಕೂರುವುದಿಲ್ಲ. ಅದೇ 60 ರೂಪಾಯಿ ಐಸ್‌ಕ್ರೀಮ್ ಅಂಗಡಿಗೋ ಸಿನಿಮಾಕ್ಕೋ ಹೋಗುತ್ತದೆ. ಊರಿನ ದುಡ್ಡು ಊರಲ್ಲೇ ಉಳಿಯಿತು. ಅದನ್ನು ನಷ್ಟ ಅನ್ನುವುದು ಹೇಗೆ?

ಲೆಕ್ಕದ_ಮೇಷ್ಟ್ರು
ಬಹಳ ಸರಿಯಾದ ಪ್ರಶ್ನೆ. ಇದಕ್ಕೆ ಉತ್ತರ ಇಲ್ಲದೆ ಸಭೆಗೆ ಹೋದರೆ ಮೊದಲ ನಿಮಿಷದಲ್ಲೇ ಸೋಲುತ್ತೇವೆ.

ಊರಿನ ಒಟ್ಟು ವ್ಯಾಪಾರ ನೋಡಿದರೆ ನೀವು ಹೇಳಿದ್ದು ಬಹುಪಾಲು ನಿಜ. ಆದರೆ ಗಿರ್ಮಿಟ್ ಗಾಡಿಯವರ ಆದಾಯ ಐಸ್‌ಕ್ರೀಮ್ ಅಂಗಡಿಗೆ ಹೋಯಿತು. ದುಡ್ಡು ಕೈ ಬದಲಾಯಿತು, ಬಡವರ ಕೈಯಿಂದಲೇ ಬದಲಾಯಿತು. ಇದನ್ನು ಬೇರೆಯಾಗಿಯೇ ಬರೆಯಬೇಕು. ಎರಡನೆಯದು, ಹೊರಗಿನಿಂದ ಬರುವವರು. ಪಕ್ಕದ ತಾಲ್ಲೂಕಿನಿಂದ ಬಂದು ಇಲ್ಲಿ ಖರ್ಚು ಮಾಡುತ್ತಿದ್ದವರು ಈಗ ಬರುವುದೇ ಇಲ್ಲ. ಅದು ಊರಿಗೇ ನಷ್ಟ. ಮೂರನೆಯದೇ ದೊಡ್ಡದು. ವ್ಯಾಪಾರದ ಲೆಕ್ಕದಲ್ಲಿ ಸಿಗದ ಬೆಲೆ ಇದೆ. ಸಂಜೆ ಒಂದು ರೂಪಾಯಿ ಖರ್ಚಿಲ್ಲದೆ ಕೆರೆ ಸುತ್ತಿ ಬರುತ್ತಿದ್ದ ಮುದುಕರು ಈಗ ಎಲ್ಲಿ ಹೋಗುತ್ತಾರೆ? ಅವರಿಗೆ ಬದಲಿ ಜಾಗ ದೂರ, ಇಲ್ಲವೇ ದುಬಾರಿ. ಹೋಟೆಲಿಂಗ್ ವಿಧಾನ ಅಳೆಯುವುದು ಇದನ್ನೇ. ಅಲ್ಲಿ ಎಷ್ಟು ಖರ್ಚಾಯಿತು ಅನ್ನುವುದು ಮುಖ್ಯ ಅಲ್ಲ. ಆ ಜಾಗ ಇಲ್ಲದಿದ್ದಾಗ ಜನರಿಗೆ ಎಷ್ಟು ಕಡಿಮೆಯಾಯಿತು ಅನ್ನುವುದು ಮುಖ್ಯ.

ಗುಮ್ಮಟದ_ನೆರೆಯವ
ಈಗ ಅರ್ಥವಾಯಿತು. ನಮ್ಮ ವಿಜಯಪುರಕ್ಕೆ ಈ ಮೂರನೆಯ ಮಾತು ಸರಿಯಾಗಿ ಕೂರುತ್ತದೆ. ನಮ್ಮದು ಬರಗಾಲದ ಸೀಮೆ. ನೀರಿನ ದಂಡೆ ಅನ್ನುವುದೇ ಇಲ್ಲಿ ಎಣಿಸಿದಷ್ಟು. ಆದಿಲ್‌ಶಾಹಿ ಕಾಲದಲ್ಲಿ, 1651ರಲ್ಲಿ, ಮಹಮ್ಮದ್ ಆದಿಲ್ ಶಾ ಕಟ್ಟಿಸಿದ ಬೇಗಂ ತಲಾಬ್ ಇದೆ. ಭೂತನಾಳ ಕೆರೆ ಇದೆ. ಇಂಥ ಒಂದು ಜಾಗ ಕೆಟ್ಟರೆ ಮುಂದಿನ ದೊಡ್ಡ ನೀರು ಅಂದರೆ ಆಲಮಟ್ಟಿ. ಅದು 60 ಕಿಲೋಮೀಟರ್ ಮೇಲೆ. ನಾಲ್ಕು ಜನರ ಸಂಸಾರ ಅಲ್ಲಿಗೆ ಹೋಗಿ ಬರುವ ಖರ್ಚನ್ನು ಕೂಲಿ ಮಾಡುವವರು ಎಲ್ಲಿಂದ ತರಬೇಕು? ಬೆಂಗಳೂರಿನವರಿಗೆ ಒಂದು ಕೆರೆ ಹೋದರೆ ಇನ್ನೊಂದು ಇದೆ. ನಮಗೆ ಇಲ್ಲ. ಹಾಗಾಗಿ ನೀರು ಕಡಿಮೆ ಇರುವ ಊರಲ್ಲಿ ಒಂದು ಕೆರೆಯ ಬೆಲೆ ಜಾಸ್ತಿ ಅಂತಲೇ ಹಿಡಿಯಬೇಕು.

ಬಲೆ_ಬುಟ್ಟಿ
ನಾವು ಮೀನು ಹಿಡಿಯುವ ಮನೆತನದವರು. ಈ ಚರ್ಚೆಯಲ್ಲಿ ನಮ್ಮ ಮಾತೂ ಇರಲಿ. ಕೆರೆಯನ್ನು ಗುತ್ತಿಗೆಗೆ ಹಿಡಿದು ಕಟ್ಲಾ, ರೋಹು ಮರಿ ಬಿಡುತ್ತೇವೆ. ಗುತ್ತಿಗೆ ಹಣ ಮೊದಲೇ ಕಟ್ಟಿರುತ್ತೇವೆ. ಕಳೆ ಹಬ್ಬಿದರೆ ತೆಪ್ಪ ಮುಂದೆ ಹೋಗುವುದಿಲ್ಲ, ಬಲೆ ಬೇರಿಗೆ ಸಿಕ್ಕಿ ಹರಿಯುತ್ತದೆ. ಬಿಸಿಲು ಒಳಗೆ ಇಳಿಯುವುದಿಲ್ಲ, ಗಾಳಿ ನೀರಿಗೆ ಸೇರುವುದಿಲ್ಲ. ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಿಡುತ್ತವೆ. ಹಾಗೆ ಆದ ದಿನ ಸತ್ತವು ದಂಡೆಗೆ ಬಂದು ನಾರುತ್ತವೆ. ವಾಕಿಂಗ್‌ನವರು ಮೂಗು ಮುಚ್ಚಿಕೊಂಡು ನಮ್ಮನ್ನೇ ಬೈಯುತ್ತಾರೆ. ನಮ್ಮ ನಷ್ಟವೂ ನಿಮ್ಮ ನಷ್ಟವೂ ಒಂದೇ ಗಿಡದಿಂದ ಬಂದದ್ದು. ಸಭೆಗೆ ಹೋಗುವಾಗ ನಮ್ಮನ್ನೂ ಕರೆಯಿರಿ, ಬರುತ್ತೇವೆ.

ಹೊಸಬ_ಅಥಣಿ
ಇಷ್ಟೆಲ್ಲ ಯಾಕ್ರೀ, ಹೊಲಕ್ಕೆ ಹೊಡೆಯುವ ಕಳೆನಾಶಕ ಹೊಡೆದರೆ ಹದಿನೈದು ದಿನದಲ್ಲಿ ಸುಟ್ಟು ಹೋಗುತ್ತದೆ. ಖರ್ಚೂ ಕಡಿಮೆ.

ಸಸ್ಯಶಾಸ್ತ್ರ_ಪಾಠ (ಬೆಳಗಾವಿ)
ದಯವಿಟ್ಟು ಆ ಕೆಲಸ ಮಾಡಬೇಡಿ ತಮ್ಮಾ. ಆ ನೀರನ್ನು ದನ ಕುಡಿಯುತ್ತವೆ, ಮೀನು ಅಲ್ಲೇ ಬದುಕುತ್ತವೆ, ಸುತ್ತಲಿನ ಬಾವಿ ಬೋರ್‌ವೆಲ್‌ಗಳಿಗೆ ಅದೇ ನೀರು ಇಂಗುತ್ತದೆ. ಜೊತೆಗೆ ಅಷ್ಟೂ ಗಿಡ ಒಟ್ಟಿಗೆ ಸತ್ತು ತಳಕ್ಕೆ ಇಳಿದರೆ ಕೊಳೆಯಲು ನೀರಿನ ಆಮ್ಲಜನಕವನ್ನೆಲ್ಲ ತಿನ್ನುತ್ತದೆ. ಬಲೆ_ಬುಟ್ಟಿ ಅಣ್ಣ ಹೇಳಿದ ಮೀನಿನ ಸಾವು ಒಂದೇ ವಾರದಲ್ಲಿ ಆಗುತ್ತದೆ. ಕೊಳೆತ ಗೊಬ್ಬರ ಕೆರೆಯಲ್ಲೇ ಉಳಿದು ಮುಂದಿನ ಬೆಳೆಗೆ ಊಟವಾಗುತ್ತದೆ.

ಈ ಗಿಡದ ಸ್ವಭಾವ ಸ್ವಲ್ಪ ತಿಳಿದುಕೊಂಡರೆ ದುಡ್ಡು ಎಲ್ಲಿ ಹಾಕಬೇಕು ಅನ್ನುವುದು ಗೊತ್ತಾಗುತ್ತದೆ. ಬಿಸಿಲು, ಗೊಬ್ಬರ ಎರಡೂ ಸಿಕ್ಕರೆ ಸುಮಾರು ಎರಡು ವಾರಕ್ಕೆ ದುಪ್ಪಟ್ಟಾಗುತ್ತದೆ. ಕೆರೆಯ ಹದಿನಾರರಲ್ಲಿ ಒಂದು ಪಾಲು ಬಿಟ್ಟಿರಿ ಅಂತಿಟ್ಟುಕೊಳ್ಳಿ. ನಾಲ್ಕು ಸಲ ದುಪ್ಪಟ್ಟಾದರೆ ಕೆರೆ ಪೂರ್ತಿ. ಎರಡು ತಿಂಗಳು ಸಾಕು. ಬೀಜ ತಳದ ಕೆಸರಿನಲ್ಲಿ 20 ವರ್ಷದವರೆಗೂ ಜೀವ ಹಿಡಿದು ಕೂರಬಲ್ಲದು. ನೀರು ಇಳಿದು ಕೆಸರಿಗೆ ಬಿಸಿಲು ಬಿದ್ದಾಗ ಮೊಳೆಯುತ್ತದೆ. ಹಾಗಾಗಿ ಒಂದೇ ಸಲ ದೊಡ್ಡ ಟೆಂಡರ್ ಕರೆದು, ಫೋಟೋ ತೆಗೆದು ಮುಗಿಸಿದರೆ ಮುಂದಿನ ವರ್ಷ ಅದೇ ಟೆಂಡರ್ ಮತ್ತೆ ಬರುತ್ತದೆ. ಇನ್ನು ಈ ಗಿಡಕ್ಕೆ ಗೊಬ್ಬರವಾಗುವ ಗಟಾರದ ನೀರು ಕೆರೆಗೆ ಬರುತ್ತಲೇ ಇದ್ದರೆ ಬರೀ ಬಡ್ಡಿ ಕಟ್ಟುತ್ತಾ ಅಸಲನ್ನು ಹಾಗೇ ಇಟ್ಟಂತೆ.

ಇನ್ನೊಂದು ದಾರಿಯೂ ಇದೆ. ನಿಯೋಚೆಟಿನಾ ಎಂಬ ಸಣ್ಣ ಸೊಂಡಿಲು ಹುಳು. ಇದೂ ದಕ್ಷಿಣ ಅಮೆರಿಕದ್ದೇ, ಜಲಪರ್ಣಿಯನ್ನೇ ತಿಂದು ಬದುಕುತ್ತದೆ. ಪರೀಕ್ಷೆ ಮಾಡಿ, ಬೆಳೆಗೆ ಅಪಾಯವಿಲ್ಲ ಅಂತ ಖಚಿತ ಮಾಡಿಕೊಂಡು, 1980ರ ದಶಕದಲ್ಲಿ ಬೆಂಗಳೂರಿನ ಕೆರೆಗಳಲ್ಲಿ ಬಿಟ್ಟರು. ಎರಡು ಮೂರು ವರ್ಷ ಹಿಡಿಯಿತು, ಆದರೆ ಕೆಲವು ಕೆರೆಗಳಲ್ಲಿ ಕಳೆ ನಿಜಕ್ಕೂ ಇಳಿಯಿತು. ಆಫ್ರಿಕಾದ ವಿಕ್ಟೋರಿಯಾ ಸರೋವರದಲ್ಲೂ 1990ರ ದಶಕದಲ್ಲಿ ಇದೇ ಹುಳುಗಳನ್ನು ಬಿಟ್ಟರು. ಕೊಳಚೆ ನೀರು ಜಾಸ್ತಿ ಬರುವಲ್ಲಿ ಮಾತ್ರ ಹುಳು ತಿನ್ನುವುದಕ್ಕಿಂತ ಬೇಗ ಗಿಡ ಬೆಳೆಯುತ್ತದೆ. ಅಲ್ಲಿಗೂ ಮಾತು ಗಟಾರಕ್ಕೇ ಬಂತು. ಬೆಂಗಳೂರಿನಲ್ಲಿ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಇದೆ, ಹುಳುವಿನ ವಿಷಯ ಅಲ್ಲಿ ವಿಚಾರಿಸಬಹುದು.

ಹಿಟಾಚಿ_ಕಾಕಾ
ಕೆರೆ ಹೂಳು ತೆಗೆಯುವ ಕೆಲಸ ನಮ್ಮದು, ಕಳೆಯನ್ನೂ ತೆಗೆದಿದ್ದೇವೆ. ಖರ್ಚು ಎಲ್ಲಿ ಹೋಗುತ್ತದೆ ಅಂತ ಹೇಳುತ್ತೇನೆ ಕೇಳಿ. ಹಿಟಾಚಿಯ ಕೈ ದಂಡೆಯ ಹತ್ತಿರ ಮಾತ್ರ ಮುಟ್ಟುತ್ತದೆ. ನಡುನೀರಿನದ್ದನ್ನು ತೆಪ್ಪದಲ್ಲಿ ಹೋಗಿ ಹಗ್ಗ ಹಾಕಿ ದಂಡೆಗೆ ಎಳೆಯಬೇಕು. ಗಾಳಿ ಯಾವ ಕಡೆ ಬೀಸುತ್ತದೆ ನೋಡಿಕೊಂಡು, ಅದೇ ತಳ್ಳಿ ತಂದು ಒಟ್ಟಿದ ಮೂಲೆಯಲ್ಲಿ ಮಿಷನ್ ನಿಲ್ಲಿಸಿದರೆ ಅರ್ಧ ಕೆಲಸ ಗಾಳಿಯೇ ಮಾಡುತ್ತದೆ.

ದೊಡ್ಡ ಖರ್ಚು ಸಾಗಾಟದ್ದು. ದಟ್ಟವಾಗಿ ಬೆಳೆದ ಒಂದು ಹೆಕ್ಟೇರಿನಲ್ಲಿ ಹಸಿ ಕಳೆ ನೂರಾರು ಟನ್ ಇರುತ್ತದೆ. ಅದರಲ್ಲಿ ಶೇ. 90ಕ್ಕಿಂತ ಜಾಸ್ತಿ ನೀರು. ಹಸಿಯಾಗಿಯೇ ಟ್ರ್ಯಾಲಿಗೆ ತುಂಬಿದರೆ ಡೀಸೆಲ್ ಸುಟ್ಟು ನೀರು ಹೊತ್ತ ಹಾಗಾಯಿತು. ನಮ್ಮ ಬೇಸಿಗೆ ಬಿಸಿಲಿಗೆ ಕೆಲವು ದಿನ ದಂಡೆಯ ಮೇಲೆ ಹರಡಿದರೆ ಹಗುರಾಗುತ್ತದೆ. ಆದರೆ ನೀರಿನಿಂದ ದೂರ, ಏರಿಯ ಆಚೆಗೆ ಹರಡಬೇಕು. ಪಕ್ಕದಲ್ಲೇ ಒಟ್ಟಿದರೆ ಮೊದಲ ಮಳೆಗೆ ಎಲ್ಲ ವಾಪಸ್ ಕೆರೆಗೆ. ಟೆಂಡರಿನಲ್ಲಿ ಈ ಮಾತು ಬರೆದಿರಬೇಕು, ಇಲ್ಲದಿದ್ದರೆ ಯಾರೂ ಮಾಡುವುದಿಲ್ಲ. ಹೂ ಬಿಡುವ ಮೊದಲೇ ತೆಗೆಯಬೇಕು ಅನ್ನುವುದನ್ನೂ ಬರೆಯಿರಿ. ಒಣಗಿದ್ದನ್ನು ಸೆಗಣಿ ಜೊತೆ ಗುಂಡಿಗೆ ಹಾಕಿದರೆ ಗೊಬ್ಬರ ಆಗುತ್ತದೆ. ಕಾರ್ಖಾನೆಯ ಕೊಳಚೆ ಬರುವ ಕೆರೆಯದ್ದಾದರೆ ಬೇಡ. ಈ ಗಿಡ ನೀರಿನಲ್ಲಿರುವ ಸೀಸದಂಥ ಲೋಹವನ್ನೂ ಹೀರಿಕೊಳ್ಳುತ್ತದೆ.

ಹಕ್ಕಿನೋಟ_ಗೋಕಾಕ
ಹಕ್ಕಿ ನೋಡುವವರ ಪರವಾಗಿ ಎರಡು ಮಾತು. ಧೂಪದಾಳದ ಘಟಪ್ರಭಾ ಪಕ್ಷಿಧಾಮಕ್ಕೆ, ಬಾಗಲಕೋಟೆಯ ಆಲಮಟ್ಟಿ ಹಿನ್ನೀರಿಗೆ ಚಳಿಗಾಲದಲ್ಲಿ ಕ್ಯಾಮೆರಾ ಹಿಡಿದು ದೂರದಿಂದ ಬರುವವರಿದ್ದಾರೆ. ಹಿನ್ನೀರಿಗೆ ಫ್ಲೆಮಿಂಗೊ ಬಂದ ಸುದ್ದಿ ಹಬ್ಬಿದರೆ ಸಾಕು, ಹೊರ ಜಿಲ್ಲೆಯ ಗಾಡಿಗಳು ಬರುತ್ತವೆ. ಊಟ, ವಸತಿ, ಗಾಡಿ ಬಾಡಿಗೆ ಎಲ್ಲ ಇಲ್ಲೇ. ಮೇಷ್ಟ್ರು ಹೇಳಿದ ಹೊರಗಿನ ದುಡ್ಡು ಅಂದರೆ ಇದು. ಫ್ಲೆಮಿಂಗೊಗೆ ತೆರೆದ, ಆಳವಿಲ್ಲದ ನೀರು ಬೇಕು. ಬಾತುಗಳಿಗೂ ತೆರೆದ ನೀರು ಬೇಕು. ಕಳೆ ಮುಚ್ಚಿದ ಕಡೆ ಅವು ಇಳಿಯುವುದಿಲ್ಲ.

ಆದರೆ ದೇವನಕ್ಕಿ, ನೇರಳೆ ಜಂಬುಕೋಳಿ ಇದೇ ಹಾಸಿನ ಮೇಲೆ ಓಡಾಡುತ್ತವೆ, ಮಳೆಗಾಲದಲ್ಲಿ ಗೂಡನ್ನೂ ಕಟ್ಟುತ್ತವೆ. ಹಾಗಾಗಿ ಮಿಷನ್ ಇಳಿಸುವುದು ಬೇಸಿಗೆಯಲ್ಲೇ ಆಗಲಿ. ಒಂದು ಮೂಲೆಯಲ್ಲಿ ನಮ್ಮದೇ ತಾವರೆ, ಜೊಂಡು ಇದ್ದರೆ ಅದನ್ನು ಕೀಳಬೇಡಿ. ಪೂರ್ತಿ ಬೋಳಿಸಿದ ಕೆರೆಯೂ ಹಕ್ಕಿಗೆ ಒಳ್ಳೆಯದಲ್ಲ.

ಹೊಳೆಸಾಲು_ಜಮಖಂಡಿ
ಕಾಕಾ, ಅಕ್ಕಾ, ಇಬ್ಬರ ಮಾತೂ ಸೇರಿಸಿ ನನಗೆ ಅನಿಸಿದ್ದು ಹೇಳುತ್ತೇನೆ. ದೊಡ್ಡ ಕೆಲಸ ಮಿಷನ್ನಿನದ್ದು, ಅದಕ್ಕೆ ಸರ್ಕಾರದ ದುಡ್ಡೇ ಬೇಕು. ಆದರೆ ಆಮೇಲೆ ಉಳಿದ ಸಣ್ಣ ಗಿಡಗಳನ್ನು ಹದಿನೈದು ದಿನಕ್ಕೊಮ್ಮೆ ಆರಿಸುವುದು ಜನರ ಕೈಯಲ್ಲಿ ಆಗುವ ಕೆಲಸ. ನಮ್ಮ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ 1989ರಲ್ಲಿ ರೈತರೇ ವಂತಿಗೆ ಹಾಕಿ, ಶ್ರಮದಾನ ಮಾಡಿ ಕೃಷ್ಣೆಗೆ ಬ್ಯಾರೇಜ್ ಕಟ್ಟಿದರು. ಅಷ್ಟು ದೊಡ್ಡದನ್ನು ಮಾಡಿದ ಸೀಮೆ ಇದು. ಸರದಿ ಪ್ರಕಾರ ಕೆರೆ ಸುತ್ತಿ ಗಿಡ ಆರಿಸಲು ಜನ ಸಿಗುವುದಿಲ್ಲ ಅಂದರೆ ನಾನು ನಂಬುವುದಿಲ್ಲ. ಸಿಗದಿರುವುದು ಕರೆಯುವವರು.

ಕೆರೆದಂಡೆ_ಬೆಳಗಾವಿ
ಇಷ್ಟು ವಿವರವಾಗಿ ಬರೆದಿದ್ದೀರಿ, ಎಲ್ಲರಿಗೂ ಮನಸಾರೆ ಧನ್ಯವಾದ. ಮುಂದಿನ ಸಭೆಗೆ ಹೀಗೆ ತಯಾರಿ ಮಾಡೋಣ ಅಂದುಕೊಂಡಿದ್ದೇನೆ. ಹಳೆಯ ಬೋಟ್ ಗುತ್ತಿಗೆ, ಮೀನು ಗುತ್ತಿಗೆ, ಪಾರ್ಕಿಂಗ್ ಹರಾಜು ಎಷ್ಟಕ್ಕೆ ಹೋಗಿದ್ದವು ಅಂತ ಮಾಹಿತಿ ಹಕ್ಕಿನಲ್ಲಿ ಕೇಳುತ್ತೇನೆ. ಅವು ಸರ್ಕಾರದ ಕಾಗದದಲ್ಲೇ ಇರುವ ಅಂಕಿಗಳು, ಯಾರೂ ಅಲ್ಲಗಳೆಯಲು ಆಗುವುದಿಲ್ಲ. ಗಾಡಿಯವರನ್ನು ಹುಡುಕಿ ಮೊದಲಿನ ವ್ಯಾಪಾರ, ಈಗಿನ ವ್ಯಾಪಾರ ಕೇಳುತ್ತೇನೆ, ಹೆಸರು ಬರೆಯದೆ. ವಾಕಿಂಗ್ ಗುಂಪಿನ ಹೆಂಗಸರು ಬಂದವರ ತಲೆ ಎಣಿಸಲು ಒಪ್ಪಿದ್ದಾರೆ. ಬಲೆ_ಬುಟ್ಟಿ ಅಣ್ಣಾ, ನಿಮ್ಮ ಸಂಘದಿಂದ ಇಬ್ಬರು ಖಂಡಿತ ಬನ್ನಿ.

ಎಸ್ಟಿಮೇಟಿನಲ್ಲಿ ಮೂರು ಸಾಲು ಇರಲೇಬೇಕು ಅಂತ ಕೇಳುತ್ತೇವೆ. ಗಟಾರದ ನೀರು ತಿರುಗಿಸುವುದು, ಮಿಷನ್ ಕೆಲಸ, ಆಮೇಲಿನ ಮೂರು ವರ್ಷದ ನಿಗಾ. ಮೊದಲನೆಯದು ಇಲ್ಲದೆ ಎರಡನೆಯದಕ್ಕೆ ನಾವೇ ಬೇಡ ಅನ್ನುತ್ತೇವೆ.

ಲೆಕ್ಕದ_ಮೇಷ್ಟ್ರು
ಒಂದು ಮಾತು ಸೇರಿಸಿಕೊಳ್ಳಿ. ಬರೀ ನಿಮ್ಮ ಕೆರೆಯಲ್ಲಿ ಎಣಿಸಿದರೆ ಸಾಲದು. ಸುಮಾರು ಅದೇ ಗಾತ್ರದ, ಊರಿನಿಂದ ಅಷ್ಟೇ ದೂರದ, ಕಳೆ ಇಲ್ಲದ ಇನ್ನೊಂದು ಕೆರೆಯಲ್ಲಿ ಅದೇ ದಿನ, ಅದೇ ಹೊತ್ತಿಗೆ ಎಣಿಸಿ. ಎರಡರ ನಡುವಿನ ಅಂತರವೇ ನಿಮ್ಮ ಅಂಕಿ. ವಿಸ್ಕಾನ್ಸಿನ್‌ನವರು ಮಾಡಿದ್ದೂ ಇಂಥದ್ದೇ ಹೋಲಿಕೆ. ಎಲ್ಲಿಂದ ಬಂದಿರಿ, ಹೇಗೆ ಬಂದಿರಿ, ಎಷ್ಟು ಹೊತ್ತು ಇರುತ್ತೀರಿ ಅಂತ ಮೂರೇ ಪ್ರಶ್ನೆ ಸಾಕು. ಹಾಳೆ ನಾನು ಮಾಡಿ ಇಲ್ಲೇ ಹಾಕುತ್ತೇನೆ, ನನ್ನ ವಿದ್ಯಾರ್ಥಿಗಳೂ ಬರುತ್ತಾರೆ.

ಕೆರೆದಂಡೆ_ಬೆಳಗಾವಿ
ಹೋಲಿಕೆಗೆ ಯಾವ ಕೆರೆ ಸರಿ ಅಂತ ಬೆಳಗಾವಿ ಕಡೆಯವರು ಸೂಚಿಸಿ. ಮಳೆ ಶುರುವಾಗುವ ಮೊದಲು ಎಣಿಕೆ ಮುಗಿಯಬೇಕು.